ಉಸಿರಿನ ನಳಿಗೆ ಮಾಡುತ್ತಿದ್ದ ಕಾಕಾ

ಯಾವ ನಳಿಗೆ ಕೈಗೆ ಸಿಕ್ಕರೂ ಕಾಕಾ ಮೊದಲು ಅದರ ಒಂದು ತುದಿಯನ್ನು ಹೆಬ್ಬೆರಳಿನಿಂದ ಮುಚ್ಚುತ್ತಿದ್ದರು. ಇನ್ನೊಂದು ತುದಿಯನ್ನು ಬಾಯಿಗಿಟ್ಟು ಒಳಗಿನ ಗಾಳಿಯನ್ನು ಎಳೆದು, ನಾಲಿಗೆ ಒತ್ತಿ, ಬಾಯಿ ತೆರೆದು ನಿಲ್ಲುತ್ತಿದ್ದರು. ನಳಿಗೆ ನಾಲಿಗೆಗೆ ಕಚ್ಚಿಕೊಂಡು ತೂಗಬೇಕು. ಮನಸ್ಸಿನಲ್ಲಿ ಅರವತ್ತು ಎಣಿಸುವತನಕ ತೂಗಿದರೆ ಒಳ್ಳೆಯದು. ನಡುವೆ ಬಿದ್ದರೆ ಎಲ್ಲೋ ಸೋರುತ್ತಿದೆ. ಚಹಾದಂಗಡಿಯ ಸ್ಟೋವಿನ ನಳಿಗೆಯನ್ನು ಅವರು ಹೀಗೆ ಪರೀಕ್ಷಿಸಿದ್ದನ್ನು ನಾನು ನೋಡಿದ್ದೇನೆ. ಒಮ್ಮೆ ದವಾಖಾನೆಯಲ್ಲಿ ಡಾಕ್ಟರು ಕೈ ತೊಳೆಯಲು ಒಳಗೆ ಹೋದಾಗ, ಮೇಜಿನ ಮೇಲಿದ್ದ ಬಿ.ಪಿ. ಯಂತ್ರದ ರಬ್ಬರ್ ನಳಿಗೆಯನ್ನು ಕಿತ್ತು ನಾಲಿಗೆಗೆ ತೂಗಿಬಿಟ್ಟಿದ್ದರು. ಡಾಕ್ಟರು ಹೊರಗೆ ಬಂದು ಕಣ್ಣರಳಿಸಿ ನಿಂತರೆ, ಕಾಕಾ ಕೈಸನ್ನೆಯಿಂದ ತಡೆಯಿರಿ ಎಂದರು. ಎಣಿಕೆ ಮುಗಿದ ಮೇಲೆ, “ಬರೋಬರಿ ಐತ್ರಿ ಸಾಹೇಬ್ರ, ಚಿಂತಿ ಬ್ಯಾಡ” ಎಂದು ಮತ್ತೆ ಜೋಡಿಸಿಟ್ಟರು.

ಅವರ ಹೆಸರು ಬರೆಯುವುದಿಲ್ಲ. ಪತ್ರಿಕೆಯವನೊಬ್ಬ ಫೋಟೋ ತೆಗೆಯಲು ಬಂದಾಗ ಹೆಗಲ ಮೇಲಿನ ಟವೆಲನ್ನು ಮುಖಕ್ಕೆ ಎಳೆದುಕೊಂಡ ಮನುಷ್ಯ ಅವರು. ಊರಿಗೆಲ್ಲ ಅವರು ಕಾಕಾ, ಅವರ ಹೆಂಡತಿ ಕಾಕು. ಅಷ್ಟು ಸಾಕು. ನಾನು ಆಗ ಕೃಷ್ಣಾ ನದಿಯ ದಂಡೆಯ ಒಂದು ಏತ ನೀರಾವರಿ ಸಂಘದಲ್ಲಿ ಸೆಕ್ರೆಟರಿಯಾಗಿದ್ದೆ. ನಮ್ಮೂರು ರಾಯಬಾಗ ತಾಲೂಕಿನ ಅಂಚಿನಲ್ಲಿದೆ. ಹನ್ನೆರಡು ವರ್ಷ ಅವರ ಸೊಂಟಕ್ಕೆ ಕಟ್ಟಿದ ಹಗ್ಗದ ಇನ್ನೊಂದು ತುದಿ ನನ್ನ ಕೈಯಲ್ಲಿತ್ತು. ಅವರ ಬಗ್ಗೆ ಬರೆಯುವ ಹಕ್ಕು ನನಗಿದ್ದರೆ ಅದು ಆ ಹಗ್ಗದಿಂದ ಬಂದದ್ದು. ಬರೆಯಲು ಹಿಂಜರಿಕೆ ಇದ್ದರೆ ಅದಕ್ಕೆ ಬೇರೆ ಕಾರಣವಿದೆ, ಅದನ್ನೂ ಹೇಳುತ್ತೇನೆ.

ಕಾಕಾ ನೌಕಾಪಡೆಯಲ್ಲಿ ಮುಳುಗುಗಾರರಾಗಿದ್ದವರು. ಹಡಗುಗಳ ಹೊಟ್ಟೆಯ ಕೆಳಗೆ ಈಜಿ ಬೆಸುಗೆ ನೋಡುವುದು, ಸಿಕ್ಕಿಕೊಂಡ ಹಗ್ಗ ಕತ್ತರಿಸುವುದು ಅವರ ಕೆಲಸ. ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಪೆನ್ಶನ್ ತೆಗೆದುಕೊಂಡು ಊರಿಗೆ ಬಂದರು. ಬರುವಾಗ ಮುಂಬೈಯ ಗುಜರಿ ಅಂಗಡಿಯೊಂದರಲ್ಲಿ ಸಿಕ್ಕ ಹಳೆಯ ಮುಳುಗುವ ಸಾಮಾನು ತಂದಿದ್ದರು: ಒಂದು ಸಿಲಿಂಡರು, ಅದರ ಬಾಯಿಗೆ ಹಚ್ಚಿ ಗಾಳಿಯ ಒತ್ತಡ ಇಳಿಸುವ ಹಿತ್ತಾಳೆಯ ಗಂಟು, ಬಾಯಲ್ಲಿ ಕಚ್ಚಿಕೊಂಡು ಉಸಿರಾಡುವ ಡಬ್ಬಿ. ಗಂಟಿಗೂ ಡಬ್ಬಿಗೂ ನಡುವೆ ಇರಬೇಕಾದ ನಳಿಗೆ ಮಾತ್ರ ಬಿಸಿಲಿಗೆ ಸೀಳಿ ಹೋಗಿತ್ತು. ಅಂಥದ್ದು ನಮ್ಮ ಕಡೆ ಎಲ್ಲಿ ಸಿಗಬೇಕು? ಕಾಕಾ ತಾವೇ ಮಾಡಿಕೊಂಡರು.

ನಮ್ಮ ಸಂಘಕ್ಕೆ ಅವರು ಮೊದಲ ಸಲ ಬಂದದ್ದು ಬೇಸಿಗೆಯಲ್ಲಿ. ನದಿಯ ದಂಡೆಯಲ್ಲಿ ನಮ್ಮದೊಂದು ಜಾಕ್‌ವೆಲ್, ಅಂದರೆ ಆಳವಾದ ದುಂಡು ಬಾವಿ. ನದಿಯಿಂದ ಅದಕ್ಕೆ ನೆಲದಡಿ ಒಂದು ಸಿಮೆಂಟ್ ಕೊಳವೆ. ಆ ಕೊಳವೆಯಿಂದ ಬಾವಿಗೆ ನೀರು, ಬಾವಿಯಿಂದ ಮೋಟಾರು ಎತ್ತಿ ಕಬ್ಬಿಗೆ. ಕೊಳವೆಯಲ್ಲಿ ಉಸುಕು ತುಂಬಿತು, ಬಾವಿಯ ತಳದಲ್ಲಿ ನೀರೆಳೆಯುವ ಪೈಪಿನ ಬಾಯಿಗಿದ್ದ ಫೂಟ್‌ವಾಲ್ವಿಗೆ ಹರಿದ ಸೀರೆ, ಬೇರು, ಪ್ಲಾಸ್ಟಿಕ್ ಸುತ್ತಿಕೊಂಡಿತು ಎಂದರೆ ಅಲ್ಲಿಗೆ ಎಲ್ಲ ನಿಂತಿತು. ನಮ್ಮ ರೈತರು ಫೂಟ್‌ವಾಲ್ವನ್ನು ಫುಟ್‌ಬಾಲ್ ಎನ್ನುತ್ತಿದ್ದರು. ‘ಫುಟ್‌ಬಾಲ್ ಕಟ್ಟೇತಿ’ ಎಂದು ಕೂಗಿಕೊಂಡು ಬಂದರೆ ಹೊಸಬರಿಗೆ ಏನೂ ತಿಳಿಯುತ್ತಿರಲಿಲ್ಲ.

ಕಾಕಾ ಬಾವಿಯ ಕಟ್ಟೆಯ ಮೇಲೆ ಕುಳಿತು ಕೆಳಗೆ ನೋಡಿ ಕೇಳಿದ ಮೊದಲ ಪ್ರಶ್ನೆ, “ಲೈಟ್ ಯಾರ ಕೈಯಾಗ ಐತ್ರಿ?”

ಪಂಪಿನ ಆಪರೇಟರು, ಕರೆಂಟಿನ ಸ್ವಿಚ್ ಆರಿಸಿದ್ದೇನೆ ಎಂದ.

“ಆರಿಸಿದ್ದನ್ನ ಮತ್ತ ಹಚ್ಚಾಕ ಬರತೈತಿ. ಮೂರೂ ಫ್ಯೂಜ್ ಕಿತ್ತು ಸೆಕ್ರೆಟರಿಯವರ ಕಿಸೇದಾಗ ಹಾಕು. ನಾ ಮ್ಯಾಲ ಬಂದ ಮ್ಯಾಲ ಅವರಿಂದ ನಾನ ಇಸ್ಕೋತೇನಿ.”

ಅಂದಿನಿಂದ ಅವರು ನೀರಿಗಿಳಿದಾಗಲೆಲ್ಲ ನನ್ನ ಪ್ಯಾಂಟಿನ ಕಿಸೆ ಪಿಂಗಾಣಿ ಫ್ಯೂಜುಗಳಿಂದ ಜೋಲುತ್ತಿತ್ತು. ಇನ್ನೊಬ್ಬರ ಜೀವವನ್ನು ಕಿಸೆಯಲ್ಲಿಟ್ಟುಕೊಂಡು ಕೂರುವುದು ಎಂದರೇನು ಎಂಬುದು ನನಗೆ ಮೂವತ್ತೆರಡನೆಯ ವಯಸ್ಸಿನಲ್ಲಿ ತಿಳಿಯಿತು.

ಸಿಲಿಂಡರ್ ಬೆನ್ನಿಗೆ ಕಟ್ಟಿಕೊಂಡು ಆ ಕೊಳವೆಯೊಳಗೆ ಹೋಗಲು ಬರುವುದಿಲ್ಲ. ಮನುಷ್ಯನೇ ಹೊಟ್ಟೆಯ ಮೇಲೆ ತೆವಳಬೇಕಾದ ಜಾಗ ಅದು. ಆದ್ದರಿಂದ ಸಿಲಿಂಡರನ್ನು ಮೇಲೆ ನನ್ನ ಪಕ್ಕದಲ್ಲಿಟ್ಟು, ಅಲ್ಲಿಂದ ಬಾವಿಯ ತಳಕ್ಕೆ, ತಳದಿಂದ ಕೊಳವೆಯೊಳಗೆ ಹೋಗುವಷ್ಟು ಉದ್ದದ ನಳಿಗೆ ಬೇಕು. ಪ್ರತಿ ಊರಿನ ಜಾಕ್‌ವೆಲ್ಲಿಗೂ ಬೇರೆ ಬೇರೆ ಆಳ. ಕಾಕಾ ಪ್ರತಿಯೊಂದಕ್ಕೂ ಬೇರೆ ನಳಿಗೆ ಮಾಡಿದರು. ಅವರ ಮನೆಯ ಪಡಸಾಲೆಯ ಗೋಡೆಗೆ ಮರದ ಗೂಟಗಳು, ಗೂಟಕ್ಕೊಂದು ಸುರುಳಿ, ಸುರುಳಿಗೊಂದು ರಟ್ಟಿನ ಚೀಟಿ. ಏಕಸಂಬಿಯದು ಒಂಬತ್ತು ಮಾರು. ನಮ್ಮದು ಹನ್ನೊಂದು ಮಾರು, ಒಂದು ಮೊಳ. ಎರಡೂ ಕೈ ಅಗಲಿಸಿ ಎದೆಯ ಮೇಲೆ ಹಾಯಿಸಿ ಅಳೆಯುವ ಮಾರು ಅದು. ಟೇಪು ಇದ್ದರೂ ಮುಟ್ಟುತ್ತಿರಲಿಲ್ಲ.

“ಎಲ್ಲಾದಕ್ಕೂ ಒಂದ ಉದ್ದನ್ನ ನಳಿಗಿ ಮಾಡಿದ್ರ ಆಗೂದಿಲ್ಲೇನ್ರಿ?” ಎಂದು ನಾನು ಒಮ್ಮೆ ಕೇಳಿದೆ.

“ಉದ್ದ ಆದ್ರ ಕಾಲಿಗಿ ಸುತ್ತತೈತಿ. ಗಿಡ್ಡ ಆದ್ರ ಬಾಯಾಗಿನ ಡಬ್ಬಿ ಕಸಗೊಂಡ ಹೋಗತೈತಿ. ಬಾವಿ ಎಷ್ಟ ಕೇಳತೈತಿ ಅಷ್ಟ ಕೊಡಬೇಕ್ರಿ.”

ಮಾಡುವ ರೀತಿ ಹೀಗೆ. ಇಚಲಕರಂಜಿಯ ಅಂಗಡಿಯಿಂದ ಗಾಳಿ ಒತ್ತಡ ತಡೆಯುವ ರಬ್ಬರ್ ನಳಿಗೆ ತರುತ್ತಿದ್ದರು. ಒಳಗೊಂದು ರಬ್ಬರ್ ಪದರ, ನಡುವೆ ದಾರದ ನೇಯ್ಗೆ, ಹೊರಗೆ ಮತ್ತೊಂದು ಪದರ. ಅದನ್ನು ಅಂಟವಾಳದ ನೀರಿನಿಂದ ಒಳಗೆಲ್ಲ ತೊಳೆದು, ನೆರಳಲ್ಲಿ ನಾಲ್ಕು ದಿನ ತೂಗುಬಿಡುತ್ತಿದ್ದರು. ಎಣ್ಣೆಯ ಪಸೆ ಇದ್ದರೆ ಅದೇ ವಾಸನೆ ಎದೆಗೆ ಹೋಗುತ್ತದೆ. ತುದಿಗೆ ಹಾಕುವ ಹಿತ್ತಾಳೆಯ ತುಂಡನ್ನು ನಿಪ್ಪಾಣಿಯ ಒಬ್ಬ ಲೇಥಿನವನು ಕಡೆದು ಕೊಡುತ್ತಿದ್ದ. ಅವನ ಜೊತೆ ಕಾಕಾ ಅಳತೆ ಹೇಳುವುದು ಮರಾಠಿಯಲ್ಲಿ, ಜಗಳಾಡುವುದು ಕನ್ನಡದಲ್ಲಿ. ಕೂದಲಿನಷ್ಟು ದಪ್ಪ ಹೆಚ್ಚಾದರೂ ತಿರುಗಿ ಬಸ್ ಹತ್ತುತ್ತಿದ್ದರು. ಆ ತುಂಡನ್ನು ನಳಿಗೆಗೆ ತುರುಕಿ, ಮೇಲೆ ಹಿತ್ತಾಳೆಯ ಬಳೆ ಏರಿಸಿ, ಲಾರಿಯ ಜಾಕಿನಿಂದ ತಾವೇ ಮಾಡಿಕೊಂಡ ಒತ್ತುಯಂತ್ರದಲ್ಲಿ ಹಿಸುಕುತ್ತಿದ್ದರು. ಕಡೆಗೆ ಗಾಳಿ ತುಂಬಿ ದನದ ಬಾನಿಯ ನೀರಿನಲ್ಲಿ ಮುಳುಗಿಸುವುದು. ಒಂದೇ ಒಂದು ಗುಳ್ಳೆ ಎದ್ದರೂ ತುದಿ ಕತ್ತರಿಸಿ ಮೊದಲಿನಿಂದ ಶುರು. ಎಮ್ಮೆ ನೀರು ಕುಡಿಯಲು ಬಂದು ನಿಂತು ನಿಂತು ಬೇಸತ್ತು ಹೋಗುತ್ತಿತ್ತು. ಕಾಕು ಒಳಗಿನಿಂದಲೇ ಕೂಗುತ್ತಿದ್ದಳು, “ಮುಗೀತೇನ್ರಿ ನಿಮ್ಮ ಹಾಂವಿನ ಜಳಕ?”

ಸಿಲಿಂಡರಿಗೆ ಗಾಳಿ ತುಂಬಿಸಲು ಕೊಲ್ಹಾಪುರಕ್ಕೆ ಹೋಗಬೇಕಿತ್ತು. ಅಲ್ಲಿನ ಗ್ಯಾಸ್ ಕಾರ್ಖಾನೆಯೊಂದರ ಫೋರ್‌ಮನ್ ಇವರ ಹಳೆಯ ನೌಕಾಪಡೆಯ ಜೊತೆಗಾರ. ಅಷ್ಟು ದೂರದಿಂದ ತಂದ ಆ ಗಾಳಿಯನ್ನು ಕಾಕಾ ತುಪ್ಪದಂತೆ ಬಳಸುತ್ತಿದ್ದರು.

ಆಗಾಗ ಪೊಲೀಸ್ ಜೀಪೂ ಬರುತ್ತಿತ್ತು. ನದಿಯಲ್ಲಿ ಮುಳುಗಿದವರನ್ನು ಹುಡುಕಲು. ಆ ಕೆಲಸಕ್ಕೆ ಅವರು ಎಂದೂ ಇಲ್ಲ ಎನ್ನಲಿಲ್ಲ. ಉಸಿರಿದ್ದ ಒಬ್ಬರನ್ನೂ ಅವರು ಮೇಲೆ ತರಲಿಲ್ಲ, ಯಾಕೆಂದರೆ ಕರೆ ಬರುತ್ತಿದ್ದುದೇ ಮರುದಿನ. ಒಮ್ಮೆ ಚಹಾ ಕುಡಿಯದೆ ಹೊರಟವರನ್ನು ನಾನು ತಡೆದೆ. “ಸತ್ತಾಂವಗ ಅವಸರ ಇಲ್ಲರಿ. ದಂಡಿಮ್ಯಾಗ ನಿಂತಾರಲ್ಲ, ಅವರಿಗೈತಿ” ಎಂದು ಕಪ್ಪನ್ನು ಅಲ್ಲೇ ಇಟ್ಟು ಜೀಪು ಹತ್ತಿದರು.

ನಮ್ಮ ನಡುವೆ ಹಗ್ಗದ ಮಾತು ಇತ್ತು. ಒಂದು ಜಗ್ಗಿದರೆ ಸಡಿಲ ಬಿಡು. ಎರಡು ಜಗ್ಗಿದರೆ ಬಿಗಿ ಹಿಡಿ. ಮೂರು ಜಗ್ಗಿದರೆ ಎಳೆ. ಮೂರು ಬಾರದೆ ಎಳೆಯಲೇ ಕೂಡದು. ಕೊಳವೆಯಲ್ಲಿ ತಿರುಗುವಾಗ ಎಳೆದರೆ ಅಡ್ಡ ಸಿಕ್ಕಿಕೊಳ್ಳುತ್ತಾರೆ. ಇದನ್ನು ಅವರು ನನಗೆ ಪ್ರತಿ ಸಲವೂ ಹೇಳುತ್ತಿದ್ದರು.

ಇನ್ನೊಂದು ಗುರುತೂ ಇತ್ತು, ಅದನ್ನು ಅವರು ಹೇಳಿಕೊಟ್ಟಿರಲಿಲ್ಲ. ಕೆಳಗೆ ಅವರು ಉಸಿರು ಎಳೆದಾಗಲೆಲ್ಲ ಸಿಲಿಂಡರಿನ ಹಿತ್ತಾಳೆಯ ಗಂಟು ಸಣ್ಣಗೆ ‘ಸುಯ್’ ಎನ್ನುತ್ತಿತ್ತು. ನಾನು ಅದಕ್ಕೆ ಕಿವಿ ಕೊಟ್ಟು ಕೂರುತ್ತಿದ್ದೆ. ನಾಲ್ಕನೆಯ ವರ್ಷವೋ ಐದನೆಯದೋ, ಒಂದು ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಆ ಸದ್ದು ನಿಂತಿತು.

ಮೊದಲು ನನ್ನ ಕಿವಿಯದೇ ತಪ್ಪೆಂದುಕೊಂಡೆ. ಕಟ್ಟೆಯ ಮೇಲೆ ಮಾತಾಡುತ್ತಿದ್ದ ರೈತರಿಗೆ ಸುಮ್ಮನಿರಲು ಹೇಳಿದೆ. ಸದ್ದಿಲ್ಲ. ಮುಳ್ಳು ನೋಡಿದರೆ ಸಿಲಿಂಡರಿನಲ್ಲಿ ಅರ್ಧಕ್ಕಿಂತ ಹೆಚ್ಚು ಗಾಳಿ ಇದೆ. ನಳಿಗೆ ಎಲ್ಲೂ ಮುರಿದಂತೆ, ಮಡಿಚಿದಂತೆ ಕಾಣುತ್ತಿಲ್ಲ. ಹಗ್ಗ ಸತ್ತ ಹಾವಿನಂತೆ ಬಿದ್ದಿದೆ.

“ಜಗ್ರಿ ಸೆಕ್ರೆಟರಿ, ಏನ ನೋಡಾಕತ್ತೀರಿ?” ಎಂದು ಒಬ್ಬ ಕೂಗಿದ.

“ಮೂರ ಬಂದಿಲ್ಲ” ಎಂದೆ.

“ಸತ್ತರ ಮೂರ ಹೆಂಗ ಬರತೈತ್ರಿ?”

ಅವನ ಮಾತು ಸರಿಯಾಗಿತ್ತು. ಕಾಕಾ ಹೇಳಿದ್ದೂ ಸರಿಯಾಗಿತ್ತು. ಎಳೆದರೆ ನಾನೇ ಕೊಂದಂತೆ, ಎಳೆಯದಿದ್ದರೂ ನಾನೇ ಕೊಂದಂತೆ. ಎರಡೂ ಕೈಯಲ್ಲಿ ಹಗ್ಗ ಹಿಡಿದು, ಎಳೆಯದೆ, ಬಿಡದೆ ಕುಳಿತೆ. ಎಷ್ಟು ಹೊತ್ತು ಎಂದು ಕೇಳಿದರೆ ಹೇಳಲಾರೆ. ಆಮೇಲೆ ಬಾವಿಯ ನೀರು ಒಡೆಯಿತು. ಕಾಕಾನ ತಲೆ ಮೇಲೆ ಬಂತು. ತುಟಿ ನೇರಳೆ ಬಣ್ಣಕ್ಕೆ ತಿರುಗಿತ್ತು. ಮೆಟ್ಟಿಲ ಸರಳು ಹಿಡಿದು ಬಹಳ ಹೊತ್ತು ಬರೀ ಕೆಮ್ಮಿದರು.

ಮೇಲೆ ಬಂದವರು ಮೊದಲು ನನ್ನ ಕೈ ನೋಡಿದರು. ಹಗ್ಗ ಅಂಗೈಯಲ್ಲಿ ಬರೆ ಎಳೆದಿತ್ತು. “ಜಗ್ಗಲಿಲ್ಲಲ್ಲ. ಚಲೋ ಮಾಡಿದ್ರಿ” ಎಂದರು. ನಾನು ಧೈರ್ಯದಿಂದ ಹಾಗೆ ಕುಳಿತಿರಲಿಲ್ಲ, ಏನು ಮಾಡಬೇಕೆಂದು ತಿಳಿಯದೆ ಕುಳಿತಿದ್ದೆ. ಅದನ್ನು ಹೇಳುವಷ್ಟು ಪ್ರಾಮಾಣಿಕತೆ ಅಂದು ನನಗೆ ಇರಲಿಲ್ಲ.

ಸಂಜೆ ಅವರ ಮನೆಗೆ ಹೋದರೆ ಆ ನಳಿಗೆಯನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ ಅಂಗಳದಲ್ಲಿ ಹರಡಿದ್ದರು. ಹೊರಗಿನಿಂದ ಹೊಸದರಂತಿದ್ದ ನಳಿಗೆಯ ಒಳಪದರ ಒಂದು ಕಡೆ ದಾರದ ನೇಯ್ಗೆಯಿಂದ ಬಿಟ್ಟುಕೊಂಡು ನಾಲಿಗೆಯಂತೆ ಜೋತುಬಿದ್ದಿತ್ತು. ಮೆಲ್ಲಗೆ ಉಸಿರೆಳೆದರೆ ಗಾಳಿ ಬರುತ್ತದೆ. ದಣಿದು ಜೋರಾಗಿ ಎಳೆದರೆ ಆ ಚೂರು ಎದ್ದು ದಾರಿ ಮುಚ್ಚುತ್ತದೆ.

“ಬಾನಿಯಾಗ ಹಾಕಿ ನೋಡಿದ್ನಿ, ಒಂದ ಗುಳ್ಳಿ ಬರಲಿಲ್ಲ. ಬಾಯಿಲೆ ಎಳದ ನೋಡಿದ್ನಿ, ತೂಗತು. ಎಲ್ಲಾ ಬರೋಬರಿ ಇತ್ತು. ಇದನ್ನ ಹೆಂಗ ಕಂಡ ಹಿಡೀಬೇಕ್ರಿ?” ಎಂದು ನನ್ನನ್ನೇ ಕೇಳಿದರು. ತಮ್ಮ ಕೆಲಸದ ಬಗ್ಗೆ ಅವರು ಇನ್ನೊಬ್ಬರನ್ನು ಕೇಳಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಅಂಗಡಿಯಿಂದ ತಂದ ಅದೇ ಸುರುಳಿಯಿಂದ ಮಾಡಿದ ಎಲ್ಲ ನಳಿಗೆಗಳನ್ನೂ ಅಂದೇ ಕತ್ತರಿಸಿ ಹಾಕಿದರು. ಕಾಕು ಚೂರುಗಳನ್ನು ಬುಟ್ಟಿಗೆ ತುಂಬಿದಳು.

ಕಾಕುವಿನ ಬಗ್ಗೆ ಈಗ ಹೇಳಬೇಕು. ಅವಳು ನಿಪ್ಪಾಣಿಯವಳು. ಮದುವೆಗೆ ಮೊದಲೂ, ಗಂಡ ಹಡಗಿನ ಮೇಲಿದ್ದ ವರ್ಷಗಳಲ್ಲೂ ಅಲ್ಲಿಯ ತಂಬಾಕಿನ ವಖಾರಿಯಲ್ಲಿ ತಂಬಾಕು ಬಡಿದು ಜರಡಿ ಹಿಡಿಯುವ ಕೆಲಸ ಮಾಡಿದವಳು. ಆ ಧೂಳಿನಲ್ಲಿ ಹದಿನೆಂಟು ವರ್ಷ. ನನಗೆ ಪರಿಚಯವಾಗುವ ಹೊತ್ತಿಗೇ ಅವಳಿಗೆ ಕೆಮ್ಮಿತ್ತು. ನಾಲ್ಕು ಹೆಜ್ಜೆ ನಡೆದರೆ ನಿಂತು ಗೋಡೆ ಹಿಡಿಯುತ್ತಿದ್ದಳು. ತೊಂಬತ್ತರ ನಂತರ ಅದು ಏರಿತು. ಮಿರಜದ ಡಾಕ್ಟರು ಎದೆಯ ಚಿತ್ರ ಬೆಳಕಿಗೆ ಹಿಡಿದು ನೋಡಿ, ಮನೆಯಲ್ಲೇ ಆಕ್ಸಿಜನ್ ಇಟ್ಟುಕೊಳ್ಳಿ, ಔಷಧಿ ಇಷ್ಟೇ, ಎಂದರಂತೆ.

ಎರಡು ದೊಡ್ಡ ಸಿಲಿಂಡರು ಬಂದವು. ಒಂದು ನಡೆಯುವಾಗ ಇನ್ನೊಂದು ಮಿರಜಕ್ಕೆ ಹೋಗಿ ತುಂಬಿಕೊಂಡು ಬರುವುದು. ಹಾಲಿನ ಟೆಂಪೊ ಬೆಳಿಗ್ಗೆ ಕಾಗವಾಡದ ಮೇಲೆ ಹಾಯ್ದು ಮಿರಜಕ್ಕೆ ಹೋಗುತ್ತಿತ್ತು, ನಾಲ್ಕೈದು ದಿನಕ್ಕೊಮ್ಮೆ ಕಾಕಾ ಖಾಲಿ ಸಿಲಿಂಡರಿನೊಂದಿಗೆ ಅದರಲ್ಲಿ ಕೂರುತ್ತಿದ್ದರು. ಬೇರೆಯವರ ಕೈಯಲ್ಲಿ ಕಳಿಸುತ್ತಿರಲಿಲ್ಲ.

ದವಾಖಾನೆಯವರು ಕೊಟ್ಟ ನಳಿಗೆ ಒಂದೇ ಮಾರು. ಸಿಲಿಂಡರಿನ ಬುಡದಲ್ಲಿ ಮೂಗಿಗೆ ನಳಿಗೆ ಹಾಕಿಕೊಂಡು ಕುಳಿತ ಕಾಕು ಎರಡನೆಯ ದಿನ ಅಂದಳು, “ಎಮ್ಮಿ ಗ್ವಾದಲಿಗಿ ಕಟ್ಟಿದಂಗ ಕಟ್ಟೀರಿ ನನ್ನ.”

ಕಾಕಾ ಹಾರೂಗೇರಿಗೆ ಹೋದರು. ಮನೆ ಕಟ್ಟುವ ಗೌಂಡಿಗಳು ಮಟ್ಟ ನೋಡಲು ಬಳಸುವ ತಿಳಿ ಪ್ಲಾಸ್ಟಿಕ್ ನಳಿಗೆ ತಂದು ತೊಳೆದು ಒಣಗಿಸಿದರು. ಆ ಸಂಜೆ ನಾನು ಹೋದಾಗ ಅವರು ಮನೆಯನ್ನು ಅಳೆಯುತ್ತಿದ್ದರು. ಹಾಸಿಗೆಯಿಂದ ಹೊಸ್ತಿಲಿಗೆ ಎರಡೂವರೆ ಮಾರು. ಕಾಕು ಹೊಸ್ತಿಲವರೆಗೆ ಬಂದು ಕುಳಿತು ಬೀದಿಯಲ್ಲಿ ಹೋಗುವವರನ್ನು ಮಾತಾಡಿಸಿದಳು. ವಾರದ ನಂತರ, “ಹಿತ್ತಲದಾಗ ಕರಿಬೇವ ಒಣಗಿರಬೇಕು” ಎಂದಳು. ಕಾಕಾ ನಾಲ್ಕು ಮಾರು ಜೋಡಿಸಿದರು. ಜೋಡಿಗೆ ನಿಪ್ಪಾಣಿಯ ಲೇಥಿನವನು ಅಕ್ಕಿಕಾಳಿನಂಥ ಹಿತ್ತಾಳೆಯ ತುಂಡುಗಳನ್ನು ಕಡೆದು ಕೊಟ್ಟ. ಈ ಸಲ ಜಗಳವಾಡಲಿಲ್ಲ ಎಂದು ಕಾಕಾ ಹೇಳಿದರು. ನಳಿಗೆ ಬಾಗಿಲ ಸಂದಿಯಲ್ಲಿ ಹಿಸುಕಿಹೋಗದಂತೆ ಹೊಸ್ತಿಲಲ್ಲಿ ಸಣ್ಣ ತೋಡು ಕೊರೆದರು. ಕಾಕು ಹಿತ್ತಲಿಗೆ ಹೋಗಿ ಗಿಡಕ್ಕೆ ನೀರು ಹಾಕಿ, ಬಚ್ಚಲಿಗೆ ಹೋಗಿ, ತಿರುಗಿ ಬಂದು ಕೂರುತ್ತಿದ್ದಳು. ಅವಳು ನಡೆದಂತೆಲ್ಲ ನಳಿಗೆ ನೆಲದ ಮೇಲೆ ಹಿಂದೆ ಹಿಂದೆ ಸರಿಯುವ ಸದ್ದು ಮನೆಯ ಸದ್ದೇ ಆಗಿಬಿಟ್ಟಿತು.

ಒಂದು ಕಡೆಗೆ ಮಾತ್ರ ಕಾಕಾ ನಳಿಗೆ ಕೊಡಲಿಲ್ಲ. ಅಡಿಗೆಮನೆಗೆ. ಒಲೆಯ ಬೆಂಕಿಯ ಹತ್ತಿರ ಆಕ್ಸಿಜನ್ ಹೋಗಬಾರದು, ಸೆರಗು ಭಗ್ಗನೆ ಹತ್ತಿಕೊಳ್ಳುತ್ತದೆ. ಆದ್ದರಿಂದ ಆ ದಿಕ್ಕಿನಲ್ಲಿ ನಳಿಗೆ ಅಡಿಗೆಮನೆಯ ಬಾಗಿಲಿಗೆ ಬರುವಷ್ಟಕ್ಕೇ ಗೂಟ ಹೊಡೆದು ತಡೆ ಹಾಕಿದ್ದರು.

“ಇನ್ನೊಂದ ಮಾರ ಬಿಡ್ರಿ” ಎಂದು ಅವಳು ನನ್ನ ಎದುರಿಗೇ ಕೇಳಿದ್ದಳು. “ಒಲಿ ಮುಂದ ಕುಂಡ್ರೂದಿಲ್ಲ. ದೂರ ನಿಂತ ಒಂದ ರೊಟ್ಟಿ ಬಡೀತೇನಿ.”

“ಆಗೂದಿಲ್ಲ.”

“ನದಿ ಬುಡಕ್ಕ ಹನ್ನೊಂದ ಮಾರ ಒಯ್ತೀರಿ. ನನಗ ನನ್ನ ಒಲಿತನಕ ಒಂದ ಮಾರ ಇಲ್ಲೇನ?”

ಉತ್ತರ ಅವರಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಕಾಕಾ ಎದ್ದು ಹೋಗಿ ತಾವೇ ಹಿಟ್ಟು ನಾದಿದರು. ಅವಳು ಬಾಗಿಲಲ್ಲಿ ನಳಿಗೆಯ ತುದಿಯಲ್ಲಿ ಕುಳಿತು, “ನೀರ ಹೆಚ್ಚಾತು, ಅಂಚ ಸೀಳತೈತಿ ನೋಡ್ರಿ, ಹೊಳ್ಳಿ ಹಾಕ್ರಿ” ಎಂದು ಹೇಳಿಕೊಡುತ್ತಿದ್ದಳು. ನೌಕಾಪಡೆಯ ಆ ದೊಡ್ಡ ಕೈಗಳಿಗೆ ರೊಟ್ಟಿ ಎಂದೂ ದುಂಡಗೆ ಬರಲಿಲ್ಲ. ಎರಡು ವರ್ಷ ಅವರು ಆ ರೊಟ್ಟಿ ತಿಂದರು. ನಾನೂ ತಿಂದಿದ್ದೇನೆ.

ಆಮೇಲೆ ಆ ಮಳೆಗಾಲ ಬಂತು. ನಮ್ಮ ಕಡೆ ಮಳೆ ಹೆಚ್ಚಿರುವುದಿಲ್ಲ. ಘಟ್ಟದಲ್ಲಿ ಸುರಿದದ್ದು ನಮಗೆ ನದಿಯಾಗಿ ಬರುತ್ತದೆ. ಒಂದು ದಿನ ನಸುಕಿನಲ್ಲಿ ಆಪರೇಟರ್ ಓಡಿಬಂದ. ಬಾವಿಯೊಳಗೆ ಮೋಟಾರು ಕೂರಿಸಿದ್ದ ಅಟ್ಟಕ್ಕೆ ನೀರು ಏರಿದೆ, ತಳದ ಬೋಲ್ಟುಗಳು ಆಗಲೇ ಮುಳುಗಿವೆ ಎಂದ. ಮೂರು ಮೋಟಾರು. ಅವು ಹೋದರೆ ಊರಿನ ಕಬ್ಬು ಹೋದಂತೆ. ಸಂಘದ ಅಧ್ಯಕ್ಷರು ಕಟ್ಟೆಯ ಮೇಲೆ ನಿಂತು ನನ್ನ ಮೇಲೆ ಕೂಗಾಡುತ್ತಿದ್ದರು. ನೀರಿನೊಳಗೆ ಬೋಲ್ಟು ಬಿಚ್ಚಬಲ್ಲವರು ಒಬ್ಬರೇ. ನಾನು ಸೈಕಲ್ ಹತ್ತಿ ಕಾಕಾನ ಮನೆಗೆ ಹೋದೆ.

ಅವರು ಹೊಸ ಅಂಗಿ ಹಾಕಿಕೊಂಡು, ಖಾಲಿ ಸಿಲಿಂಡರನ್ನು ಬಾಗಿಲಿಗೆ ತಂದು, ಹಾಲಿನ ಟೆಂಪೊಗಾಗಿ ಕಾಯುತ್ತಿದ್ದರು.

ನಾನು ವಿಷಯ ಹೇಳಿದೆ. ಅವರು ಸಿಲಿಂಡರನ್ನು ನೋಡಿದರು. ಒಳಗೆ ಹೋಗಿ ನಡೆಯುತ್ತಿದ್ದ ಸಿಲಿಂಡರಿನ ಮುಳ್ಳು ನೋಡಿ ಬಂದರು. “ಎರಡ ದಿನಕ್ಕ ಚಿಂತಿಲ್ಲ. ನಾಳೆ ಹೋದ್ರ ನಡೀತೈತಿ” ಎಂದು ಅಂಗಿ ಬಿಚ್ಚಿ ಗೂಟಕ್ಕೆ ಹಾಕಿದರು. ಸಿಲಿಂಡರನ್ನು ಟೆಂಪೊದವನ ಕೈಯಲ್ಲಿ ಕೊಟ್ಟು ಕಳಿಸೋಣ ಎಂದು ನಾನು ಹೇಳಬಹುದಿತ್ತು. ಹೊಳೆಯಲಿಲ್ಲ. ನನ್ನ ತಲೆಯಲ್ಲಿ ಬೋಲ್ಟುಗಳಿದ್ದವು.

ಬೆಳಿಗ್ಗೆ ಆರೂವರೆಯಿಂದ ಮಧ್ಯಾಹ್ನ ಮೂರರವರೆಗೆ ಅವರು ಕೆಸರುನೀರಿನಲ್ಲಿ ಕೈ ತಡವಿ ತಡವಿ ಹನ್ನೆರಡು ಬೋಲ್ಟು ಬಿಚ್ಚಿದರು. ಮೂರೂ ಮೋಟಾರುಗಳನ್ನು ಚೈನ್ ಪುಲ್ಲಿಯಿಂದ ಮೇಲೆ ಎತ್ತಿದೆವು. ಕೊನೆಯದು ಬರುವ ಹೊತ್ತಿಗೆ ನೀರು ಕಟ್ಟೆಯಿಂದ ಮೊಳದಷ್ಟು ಕೆಳಗಿತ್ತು. ಜನ ಚಪ್ಪಾಳೆ ತಟ್ಟಿದರು. ಅಧ್ಯಕ್ಷರು ಕಾಕಾನ ಕೊರಳಿಗೆ ಟವೆಲ್ ಹಾಕಿದರು.

ಮರುದಿನ ಬೆಳಿಗ್ಗೆ ಟೆಂಪೊ ಬರಲಿಲ್ಲ. ಮಿರಜದ ದಾರಿಯ ಸೇತುವೆಯ ಮೇಲೆ ಎದೆಮಟ್ಟ ನೀರು. ಈ ಕಡೆಯ ರಸ್ತೆಯೂ ಹಳ್ಳ ತುಂಬಿ ಮುರಿದಿತ್ತು. ಅಂಚೆ ಕಚೇರಿಯ ಫೋನು ಸತ್ತಿತ್ತು. ಸಂಘದ ನಾವೆಯನ್ನು ಮೋಟಾರು ಸಾಗಿಸಲು ಬಳಸಿ ದಂಡೆಗೆ ಕಟ್ಟಿದ್ದೆವು, ಸೆಳೆತಕ್ಕೆ ಹಗ್ಗ ಕಿತ್ತು ಹೋಗಿತ್ತು. ಇದ್ದರೂ ಆ ನದಿಯನ್ನು ಯಾರೂ ದಾಟುತ್ತಿರಲಿಲ್ಲ. ಕಾಕಾ ದಂಡೆಯ ಮೇಲೆ ನಿಂತು ನೀರನ್ನು ಬಹಳ ಹೊತ್ತು ನೋಡಿದರು. ಅವರು ಏನು ಯೋಚಿಸುತ್ತಿದ್ದಾರೆಂದು ತಿಳಿದು ನಾನು ಅವರ ತೋಳು ಹಿಡಿದುಕೊಂಡೆ.

“ಈಸಿ ಹೋಗಬಹುದ್ರಿ” ಎಂದರು. “ಆದ್ರ ಸಿಲಿಂಡರ ಹೊತ್ಕೊಂಡ ಬರೂದ ಆಗೂದಿಲ್ಲ.”

ನಾನು ಊರಿನ ವೆಲ್ಡಿಂಗ್ ಅಂಗಡಿಗೆ ಓಡಿದೆ. ವೆಲ್ಡಿಂಗಿನವನ ಹತ್ತಿರ ಕಾಲು ಭಾಗ ಆಕ್ಸಿಜನ್ ಇದ್ದ ಸಿಲಿಂಡರ್ ಇತ್ತು. ಅವನು ಒಂದು ಮಾತೂ ಕೇಳದೆ, ಮಾಡುತ್ತಿದ್ದ ಗೇಟನ್ನು ಅಲ್ಲೇ ಬಿಟ್ಟು, ನನ್ನ ಜೊತೆ ಕೈಗಾಡಿ ತಳ್ಳಿಕೊಂಡು ಬಂದ. ದವಾಖಾನೆಯ ಆಕ್ಸಿಜನ್ ಮೂರನೆಯ ದಿನ ಬೆಳಿಗ್ಗೆ ಮುಗಿಯಿತು. ವೆಲ್ಡಿಂಗಿನದು ನಾಲ್ಕನೆಯ ದಿನ ಬೆಳಿಗ್ಗೆಯವರೆಗೆ ಬಂತು. ನೀರು ಇಳಿಯುವ ಲಕ್ಷಣ ಇರಲಿಲ್ಲ.

ನಾನು ಹೋದಾಗ ಕಾಕು ಹಾಸಿಗೆಯಲ್ಲಿ ಎದ್ದು ಕುಳಿತು, ಮೊಣಕಾಲಿಗೆ ಕೈ ಊರಿ, ಇಡೀ ಮೈಯಿಂದ ಉಸಿರು ಎಳೆಯುತ್ತಿದ್ದಳು. ಉಗುರುಗಳು ನೀಲಿಯಾಗಿದ್ದವು. ಕಾಕಾ ಮುಳುಗಲು ಬಳಸುತ್ತಿದ್ದ ತಮ್ಮ ಸಿಲಿಂಡರನ್ನು ತಂದು, ಅದರ ಗಂಟಿಗೆ ಕಾಕುವಿನ ನಳಿಗೆಯನ್ನು ಜೋಡಿಸುತ್ತಿದ್ದರು. ಜೋಡಿಸುವ ತುಂಡನ್ನು ಅಲ್ಲೇ ಅರದಿಂದ ಉಜ್ಜಿ ಮಾಡಿದ್ದರು. ವಾಲ್ವನ್ನು ಸ್ವಲ್ಪ ತೆರೆದರು. ತಂಪು ಗಾಳಿ ಮೂಗಿಗೆ ಬಂದಾಗ ಕಾಕು ಕಣ್ಣು ಮುಚ್ಚಿದಳು.

“ಬಂತೇನ?” ಎಂದು ಕೇಳಿದರು.

“ಬಂತ್ರಿ. ಚಲೋ ಅನಸತೈತಿ.”

ಅವರು ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋದರು. ಕರಿಬೇವಿನ ಗಿಡದ ಹತ್ತಿರ ನಿಂತು ಪಿಸುದನಿಯಲ್ಲಿ ಹೇಳಿದರು, “ಅದು ಬರೇ ಗಾಳಿರಿ. ಇಲ್ಲಿ ಹೊರಗ ಐತಲ್ಲ, ಇದ. ನಾವು ಈಗ ಉಸರಾಡಾಕತ್ತೇವಲ್ಲ, ಇದ. ಅದರಾಗ ಏನೂ ಹೆಚ್ಚ ಇಲ್ಲ.”

“ಅಕಿಗೆ ಗೊತ್ತೇನ್ರಿ?”

“ಎರಡ ವರ್ಷ ಆತು ನನ್ನ ಸಿಲಿಂಡರ ಯಾವುದು, ತನ್ನ ಸಿಲಿಂಡರ ಯಾವುದು ನೋಡಾಕತ್ತ. ಗೊತ್ತಿಲ್ದ ಏನು.”

ಒಳಗೆ ಹೋಗಿ ಅವಳ ಬೆನ್ನಿಗೆ ಆಸರೆಯಾಗಿ ಕುಳಿತರು. ಅವಳು ಅವರ ಎದೆಗೆ ಒರಗಿದಳು. ನಾನು ಹೊಸ್ತಿಲಲ್ಲಿ ಕುಳಿತೆ. ಮಾಡಲು ಬೇರೇನೂ ಇರಲಿಲ್ಲ. ಬೀದಿಯಲ್ಲಿ ಬಿಸಿಲು ಬಿದ್ದಿತ್ತು, ಮಳೆ ಬಿಟ್ಟು ಎರಡು ದಿನವಾಗಿತ್ತು, ಹೆಂಗಸರು ಬಟ್ಟೆ ಒಣಹಾಕುತ್ತಿದ್ದರು. ಮಧ್ಯಾಹ್ನ ಒಂದು ಗಂಟೆಯ ಸುಮಾರಿಗೆ ಕಾಕು ತೀರಿಕೊಂಡಳು. ಕಾಕಾ ಆಮೇಲೂ ಬಹಳ ಹೊತ್ತು ವಾಲ್ವ್ ಮುಚ್ಚಲಿಲ್ಲ. ಕೊಲ್ಹಾಪುರದಿಂದ ತಂದ ಆ ಗಾಳಿ ಸುಮ್ಮನೆ ಮನೆಯೊಳಗೆ ಹರಿದು ಮುಗಿಯಿತು.

ಅವರ ಮಗಳನ್ನು ಅಥಣಿ ತಾಲೂಕಿನ ಐಗಳಿ ಎಂಬ ಊರಿಗೆ ಕೊಟ್ಟಿದ್ದರು. ನೀರು ಇಳಿದ ಮೇಲೆ ಅವಳು ಬಂದು ತಂದೆಯನ್ನು ಕರೆದುಕೊಂಡು ಹೋದಳು. ಹೋಗುವ ಮುಂಚೆ ಕಾಕಾ ಮೋಟಾರುಗಳನ್ನು ಮತ್ತೆ ಅಟ್ಟದ ಮೇಲೆ ಕೂರಿಸಿಕೊಟ್ಟರು. ನಾನು ಬೇಡವೆಂದೆ. ಕೇಳಲಿಲ್ಲ.

ಎರಡು ವರ್ಷ ನಾನು ಐಗಳಿಗೆ ಹೋಗಲಿಲ್ಲ. ಕೆಲಸವಿತ್ತು ಎಂದು ಹೇಳಿಕೊಳ್ಳುತ್ತಿದ್ದೆ. ಮೂರನೆಯ ವರ್ಷ ಹೋದೆ. ಅದು ದ್ರಾಕ್ಷಿಯ ಊರು. ಕಾಕಾ ಮಗಳ ತೋಟದ ಶೆಡ್ಡಿನಲ್ಲಿ ಕುಳಿತು, ದ್ರಾಕ್ಷಿಗೆ ಔಷಧಿ ಹೊಡೆಯುವ ಪಂಪಿನ ನಳಿಗೆಗೆ ಹೊಸ ತುದಿ ಹಾಕುತ್ತಿದ್ದರು. ಸುತ್ತಲಿನ ತೋಟದವರೆಲ್ಲ ಅವರ ಹತ್ತಿರವೇ ತರುತ್ತಿದ್ದರಂತೆ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ಕಂಡು ಎದ್ದು ನಿಂತು, “ಬರ್ರಿ ಸೆಕ್ರೆಟರಿಯವರ” ಎಂದು ಗೋಣಿಚೀಲ ಹಾಸಿದರು.

ಊರಿನ ಮಾತು, ಮಳೆಯ ಮಾತು ಎಲ್ಲ ಆಯಿತು. ಮಗಳು ಚಹಾ ತಂದಿಟ್ಟು ಹೋದಳು. ದಾರಿಯುದ್ದಕ್ಕೂ ಬಸ್ಸಿನಲ್ಲಿ ಜೋಡಿಸಿಕೊಂಡು ಬಂದ ಮಾತು ಇನ್ನೂ ಬಾಕಿ ಇತ್ತು. ಕಡೆಗೆ ಹೇಳಿದೆ, “ಕಾಕಾ, ಅವತ್ತ ನಾ ನಿಮ್ಮನ್ನ ಕರ್ಯಾಕ ಬರಬಾರದಿತ್ತು.”

ಅವರು ನಳಿಗೆಗೆ ಬಳೆ ಏರಿಸುತ್ತಿದ್ದವರು ತಲೆ ಎತ್ತಲಿಲ್ಲ. ಬಳೆಯನ್ನು ತಿರುಗಿಸಿ ತಿರುಗಿಸಿ ಸರಿಮಾಡಿದರು.

“ಮೋಟಾರ ಉಳದೂವಲ್ಲರಿ” ಎಂದರು.

ನನ್ನನ್ನು ಸಮಾಧಾನ ಮಾಡಲು ಹಾಗೆ ಅಂದರೋ, ಎದೆಯ ಕಹಿಯಿಂದ ಅಂದರೋ ತಿಳಿಯಲಿಲ್ಲ. ಮುಖ ನೋಡಿದೆ. ಮುಖದಲ್ಲೂ ಕಾಣಲಿಲ್ಲ. ಕೇಳಿಬಿಡಬಹುದಿತ್ತು, ಎದುರಿಗೇ ಕುಳಿತಿದ್ದೆ. “ಹೌದ್ರಿ, ಉಳದೂವು” ಎಂದು ಹೇಳಿ ಚಹಾ ಕುಡಿದು, ಐದರ ಬಸ್ಸಿಗೆ ಹೊರಟುಬಿಟ್ಟೆ. ಮರುವರ್ಷ ದ್ರಾಕ್ಷಿ ಕೊಯ್ಲಿನ ಹೊತ್ತಿಗೆ ಅವರೂ ಹೋದ ಸುದ್ದಿ ಬಂತು.